ಒಡೆದ ಮೇಲೂ ನಿಲ್ಲುವ ಗಾಜು

ಬಾಲ್ಕನಿಗೆ ಕಬ್ಬಿಣದ ಸರಳು ಬೇಡ, ಗಾಜಿರಲಿ ಎನ್ನುವುದು ಈಗ ಮನೆ ಕಟ್ಟಿಸುವವರಲ್ಲಿ ಸಾಮಾನ್ಯ. ಅಂಗಡಿಗೆ ಹೋದರೆ ಬರುವ ಮೊದಲ ಉತ್ತರ, "ಟಫನ್ಡ್ ಹಾಕಿಸಿ ಸಾರ್, ಗುದ್ದಿದರೂ ಏನೂ ಆಗಲ್ಲ." ಮಾತು ಬಹುಪಾಲು ನಿಜ. ಆದರೆ ಈ ಗಾಜಿನ ಚರಿತ್ರೆ ಬಲ್ಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಒಡೆದರೆ ಆಮೇಲೇನು?

ಈ ಚರಿತ್ರೆಯ ಆರಂಭ ಒಂದು ಆಟಿಕೆಯಲ್ಲಿದೆ. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಬಾಲವುಳ್ಳ ಗೊದಮೊಟ್ಟೆಯಂತೆ ಗಟ್ಟಿಯಾಗುತ್ತದೆ. ತಲೆಯನ್ನು ಸುತ್ತಿಗೆಯಿಂದ ಬಡಿದರೂ ಅದು ಜಗ್ಗದು. ಬಾಲದ ತುದಿಯನ್ನು ಬೆರಳಲ್ಲಿ ಮುರಿದರೆ ಇಡೀ ಹನಿ ಪುಡಿಪುಡಿ! ರಾಜಕುಮಾರ ರೂಪರ್ಟ್ 1660ರಲ್ಲಿ ಇವನ್ನು ಇಂಗ್ಲೆಂಡಿಗೆ ತಂದ. ಮರುವರ್ಷ ದೊರೆ ಎರಡನೆಯ ಚಾರ್ಲ್ಸ್ ಇವನ್ನು ರಾಯಲ್ ಸೊಸೈಟಿಯ ಪರೀಕ್ಷೆಗೆ ಕೊಟ್ಟ. ರಾಬರ್ಟ್ ಹುಕ್ 1665ರ ತನ್ನ ಗ್ರಂಥದಲ್ಲಿ ಇವುಗಳ ವಿಚಾರ ಬರೆದ.

ಕಾರಣ ಸರಳ. ಹೊರಮೈ ಮೊದಲು ತಣಿದು ಬಿಗಿಯುತ್ತದೆ. ಒಳಗಿನದು ನಿಧಾನವಾಗಿ ತಣಿದು ಕುಗ್ಗುವಾಗ ಅದನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಎಳೆತ. ಒತ್ತಡವಿರುವ ಹೊರಮೈಯಲ್ಲಿ ಬಿರುಕು ಬೆಳೆಯದು. ಅದು ಒಳಗಿನ ವಲಯ ಮುಟ್ಟಿತೋ, ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಈ ಓಟವನ್ನು 1994ರಲ್ಲಿ ಮುನಾವರ್ ಚೌಧರಿ ಮತ್ತು ಶ್ರೀನಿವಾಸನ್ ಚಂದ್ರಶೇಖರ್ ಸೆಕೆಂಡಿಗೆ ಹತ್ತಿರ ಹತ್ತು ಲಕ್ಷ ಚಿತ್ರಗಳ ಕ್ಯಾಮೆರಾದಲ್ಲಿ ಹಿಡಿದರು. ಸೆಕೆಂಡಿಗೆ 25 ಚಿತ್ರಗಳಲ್ಲೇ ತೃಪ್ತರಾದ ನಮ್ಮಂಥ ಟಿ.ವಿ.ಯವರಿಗೆ ಹೊಟ್ಟೆಕಿಚ್ಚು ತರುವ ಸಂಗತಿ.

ಫ್ರಾನ್ಸಿನ ದ ಲಾ ಬಾಸ್ತಿ 1874ರಲ್ಲಿ ಕಾದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಬಲಪಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರ್ಖಾನೆಗಳು ಹಾಳೆಯನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಗಾಳಿಯಿಂದ ಥಟ್ಟನೆ ತಣಿಸುತ್ತವೆ. ಒಡೆದಾಗ ಚೂರಿಯಂಥ ಸೀಳುಗಳ ಬದಲು ಕಲ್ಲುಸಕ್ಕರೆಯಂಥ ಚೂರುಗಳಾಗುವುದರಿಂದ ಕಾರಿನ ಪಕ್ಕದ ಕಿಟಕಿಗೆ ಇದು ಹೇಳಿ ಮಾಡಿಸಿದಂತಿದೆ. ಅಲ್ಲಿ ಗಾಜು ಉದುರಿಹೋದರೂ ಬಾಗಿಲು ಉಳಿಯುತ್ತದೆ. ಬಾಲ್ಕನಿಯಲ್ಲಿ ಉಳಿಯುವುದು ಬರೀ ಬಯಲು.

ಇನ್ನೊಂದು ಗಾಜು ಹುಟ್ಟಿದ್ದು ಆಕಸ್ಮಿಕದಿಂದ. 1903ರಲ್ಲಿ ಫ್ರೆಂಚ್ ಕಲಾವಿದ, ರಸಾಯನಜ್ಞ ಎಡ್ವರ್ಡ್ ಬೆನೆಡಿಕ್ಟಸ್‌ನ ಪ್ರಯೋಗಶಾಲೆಯಲ್ಲಿ ಒಂದು ಫ್ಲಾಸ್ಕ್ ಕೆಳಗೆ ಬಿದ್ದು ಬಿರುಕುಬಿಟ್ಟಿತು, ಚೂರಾಗಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅದನ್ನು ಹಿಡಿದಿಟ್ಟಿತ್ತು. 1909ರಲ್ಲಿ ಆತ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳಿಗೂ, ಆಮೇಲೆ ಕಾರಿನ ಮುಂದಿನ ಗಾಜಿಗೂ ಇಂಥ ಜೋಡಿಗಾಜು ಬಂತು. ಹಳೆಯ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಪಿ.ವಿ.ಬಿ. ಎಂಬ ಪ್ಲಾಸ್ಟಿಕ್ ಅದರ ಜಾಗ ಹಿಡಿಯಿತು. ಇದೇ ಲ್ಯಾಮಿನೇಟೆಡ್ ಗಾಜು.

ಟಫನ್ಡ್ ಗಾಜಿನಲ್ಲಿ ಇನ್ನೊಂದು ಗುಟ್ಟಿದೆ: ಕೆಲವೊಮ್ಮೆ ಯಾರೂ ಮುಟ್ಟದೆಯೇ ಸಿಡಿಯುತ್ತದೆ. ಮೆಲ್ಬರ್ನಿನ ಐ.ಸಿ.ಐ. ಹೌಸ್ ಎಂಬ ಕಟ್ಟಡದ ಹೊರಮೈ ಗಾಜುಗಳು ಹೀಗೆ ಒಡೆದಾಗ, ನಿಕ್ಕೆಲ್ ಸಲ್ಫೈಡಿನ ಸೂಕ್ಷ್ಮ ಕಣಗಳೇ ಕಾರಣವೆಂದು 1961ರಲ್ಲಿ ಆಸ್ಟ್ರೇಲಿಯಾದ ಬ್ಯಾಲಂಟೈನ್ ತೋರಿಸಿದ. ಗಾಜಿನೊಳಗೆ ಸಿಕ್ಕ ಕಣ ವರ್ಷಗಳ ಕಾಲ ನಿಧಾನವಾಗಿ ಹಿಗ್ಗಿ ಎಳೆತದ ವಲಯವನ್ನು ಸೀಳುತ್ತದೆ. 2011ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹಲವು ವಸತಿ ಗೋಪುರಗಳ ಬಾಲ್ಕನಿ ಗಾಜುಗಳು ಒಡೆದು ಬೀದಿಗೆ ಉದುರಿದವು. ಆ ಪ್ರಾಂತ 2012ರಲ್ಲಿ ಕಟ್ಟಡ ನಿಯಮ ತಿದ್ದಿ, ಬಾಲ್ಕನಿಯ ಅಂಚಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕೆಂದಿತು.

ಆದ್ದರಿಂದ ನೀವು ಕೇಳಬೇಕಾದದ್ದು ಲ್ಯಾಮಿನೇಟೆಡ್ ಗಾಜನ್ನೇ. ಅದರ ಎರಡು ಹಾಳೆಗಳೂ ಬಿಸಿಯಿಂದ ಬಲಪಡಿಸಿದವಾಗಿರಲಿ. ಮೇಲೆ ಗಾಜನ್ನು ಅವಲಂಬಿಸದ ಒಂದು ಕೈಹಿಡಿ ಇರಲಿ. ದುಡ್ಡು ಉಳಿಸಲು ಇದನ್ನು ಬಿಡುವವರನ್ನು ಕಂಡಾಗ ನನಗೆ ಅಚ್ಚರಿಯಾಗುತ್ತದೆ. ಗಾಜಿಗೆ ಲೋಹ ನೇರವಾಗಿ ತಾಗದಂತೆ ನಡುವೆ ರಬ್ಬರ್ ಬೇಕು. ಮಳೆನೀರು ಕೆಳಗಿನ ತೋಡಿನಲ್ಲಿ ನಿಂತರೆ ಅಂಚಿನ ಪೊರೆ ಮಂಜಾಗುತ್ತದೆ, ನೀರು ಹರಿದುಹೋಗಲು ತೂತು ಬಿಡಿಸಿ. ಟಫನ್ಡ್ ಆದ ಮೇಲೆ ಕತ್ತರಿಸಲು, ತೂತು ಕೊರೆಯಲು ಬಾರದು. ಅಳತೆಯನ್ನು ಮೊದಲೇ ಎರಡು ಸಲ ತೆಗೆಸಿ. ಗಾಜು ಐ.ಎಸ್. 2553ಕ್ಕೆ ಅನುಗುಣವಾಗಿದೆಯೇ ಎಂದು ಕೇಳಿ, ಅದರ ಗುರುತನ್ನು ಕೂರಿಸುವ ಮುನ್ನವೇ ನೋಡಿಕೊಳ್ಳಿ.