ಕೇಳಿದವರು ಬರೆದ ಚರಿತ್ರೆ

ಚಿತ್ರಕಾರನು ತೀರಿಕೊಂಡರೂ ಚಿತ್ರ ಉಳಿಯುತ್ತದೆ. ಕವಿಯು ಹೋದರೂ ಕಾವ್ಯ ನಿಲ್ಲುತ್ತದೆ. ಕಚೇರಿಯ ಸಂಗೀತದ ಪಾಡು ಬೇರೆ. ಕೊನೆಯ ಸ್ವರ ನಿಂತೊಡನೆ ಅದು ಮುಗಿದುಹೋಯಿತು. ಆಮೇಲೆ ಉಳಿಯುವುದು, ಕೇಳಿದವರು ಮನೆಯ ದಾರಿ ಹಿಡಿದು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಮಾತ್ರ. ಇಂಥ ಮಾತಿಗೆ ಚರಿತ್ರೆಯಲ್ಲಿ ಬೆಲೆಯುಂಟೆ? ಅಮೆರಿಕದ ಒಂದು ರಾಕ್ ಸಂಗೀತ ಮೇಳದ ಕಥೆ ಈ ಪ್ರಶ್ನೆಗೆ ಸ್ವಾರಸ್ಯವಾದ ಉತ್ತರವನ್ನು ಕೊಡುತ್ತದೆ.

ಮೇಳದ ಹೆಸರು ‘ಗ್ರೇಟ್‌ಫುಲ್ ಡೆಡ್’. 1965ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಅದು ರೂಪುಗೊಂಡಿತು. ಗಿಟಾರ್ ವಾದಕ ಜೆರ್ರಿ ಗಾರ್ಸಿಯ 1995ರ ಆಗಸ್ಟ್ 9ರಂದು ತೀರಿಕೊಳ್ಳುವವರೆಗಿನ ಮೂವತ್ತು ವರ್ಷಗಳಲ್ಲಿ ಅದು ನಡೆಸಿದ ಕಚೇರಿಗಳು ಸುಮಾರು 2,300. ಈ ದಿನ ಇಂಥ ಹಾಡು, ಇಷ್ಟು ಹೊತ್ತು ಎಂಬ ಕಟ್ಟಳೆ ಅವರಿಗಿರಲಿಲ್ಲ. ನಮ್ಮ ವಿದ್ವಾಂಸರು ಮನೋಧರ್ಮಕ್ಕೆ ಎಡೆಕೊಡುವಂತೆ ಇವರೂ ವೇದಿಕೆಯ ಮೇಲೆಯೇ ಹಾಡನ್ನು ಬೆಳೆಸುತ್ತಿದ್ದರು. ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಪ್ಲೇಟಿನಲ್ಲಿ ಮೂರು ನಿಮಿಷಕ್ಕೂ ಕಡಮೆ. ಕಚೇರಿಯಲ್ಲಿ ಅದೇ ಹಾಡು ಇಪ್ಪತ್ತು ನಿಮಿಷವನ್ನೂ ಮೀರಿ ಹರಿಯುತ್ತಿತ್ತು. ಆದ್ದರಿಂದ ಪ್ಲೇಟು ಕೊಂಡವರಿಗೆ ಮೇಳದ ಪರಿಚಯವಾಯಿತೇ ಹೊರತು ಅದರ ಸಂಗೀತ ಪೂರ್ತಿಯಾಗಿ ದೊರೆಯಲಿಲ್ಲ. ಅದು ದೊರೆತದ್ದು ಹಿಂದಿನ ರಾತ್ರಿಯನ್ನು ಇಂದಿನ ರಾತ್ರಿಯೊಡನೆ ತೂಗಿ ನೋಡಬಲ್ಲವರಿಗೆ.

ತೂಗಿ ನೋಡಬೇಕಾದರೆ ಜೊತೆಗಾರರು ಬೇಕು. 1971ರಲ್ಲಿ ಹೊರಬಂದ ತಮ್ಮ ಜೋಡಿ ಪ್ಲೇಟಿನ ಒಳಹೊದಿಕೆಯಲ್ಲಿ ಮೇಳದವರು ಅಭಿಮಾನಿಗಳಿಗೆ, ನೀವು ಯಾರು, ಎಲ್ಲಿದ್ದೀರಿ ಎಂಬುದನ್ನು ಬರೆದು ತಿಳಿಸಿರೆಂದು ವಿಳಾಸ ಸಹಿತ ಕೋರಿಕೆಯನ್ನು ಅಚ್ಚುಮಾಡಿಸಿದರು. ಕಾಗದಗಳು ಬಂದುವು, ವಿಳಾಸಗಳ ಪಟ್ಟಿ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರಕ್ಕೆ ಬೆಳೆಯಿತು. ‘ಡೆಡ್‌ಹೆಡ್’ ಎಂಬ ಹೆಸರು ಈ ಬಳಗಕ್ಕೆ ನಿಂತಿತು. ಇಷ್ಟರಲ್ಲಿ ಕೆಲವರು ಟೇಪ್ ಯಂತ್ರವನ್ನು ಕೋಟಿನಡಿಯಲ್ಲಿ ಬಚ್ಚಿಟ್ಟುಕೊಂಡು ಸಭಾಂಗಣಕ್ಕೆ ಒಯ್ಯುತ್ತಿದ್ದರು. ಟೇಪುಗಳ ವಿನಿಮಯಕ್ಕಾಗಿಯೇ 1974ರಲ್ಲಿ ಒಂದು ಪತ್ರಿಕೆ ಹುಟ್ಟಿತು. ಈ ವಿನಿಮಯದಲ್ಲಿ ಹಣಕ್ಕೆ ಸ್ಥಾನವಿರಲಿಲ್ಲ: ಹೊಸಬನು ಖಾಲಿ ಟೇಪನ್ನೂ ಅಂಚೆಯ ವೆಚ್ಚವನ್ನೂ ಕಳುಹಿಸಿದರೆ, ಹಳಬನು ಪ್ರತಿ ಮಾಡಿ ಹಿಂದಿರುಗಿಸುವನು. ಬೇರೆ ಮೇಳದವರು ಇಂಥವರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ, ಇವರು 1984ರ ಅಕ್ಟೋಬರಿನಲ್ಲಿ ಬರ್ಕ್‌ಲಿ ನಗರದ ಕಚೇರಿಯಿಂದ ಮೊದಲುಗೊಂಡು ಟೇಪು ಮಾಡುವವರಿಗೆಂದೇ ಪ್ರತ್ಯೇಕ ಸ್ಥಳವನ್ನು ಬಿಟ್ಟುಕೊಟ್ಟರು.

ಟೇಪಿನ ಜೊತೆಗೆ ಅಭಿಪ್ರಾಯವೂ ಪ್ರಯಾಣ ಮಾಡಿತು. ಯಾವ ರಾತ್ರಿ ಯಾವ ಹಾಡು, ಯಾವುದು ಏರಿತು, ಯಾವುದು ಎಡವಿತು ಎಂಬುದನ್ನು ಬರೆದಿಡುವವರು ಊರೂರಿನಲ್ಲಿ ಹುಟ್ಟಿದರು. 1987ರಲ್ಲಿ ಅಭಿಮಾನಿಗಳೇ ಕಚೇರಿಗಳ ಹಾಡುಪಟ್ಟಿಗಳನ್ನು ಕಲೆಹಾಕಿ ‘ಡೆಡ್‌ಬೇಸ್’ ಎಂಬ ಗ್ರಂಥವನ್ನು ಅಚ್ಚುಹಾಕಿಸಿದರು. ಡಿಕ್ ಲಟ್ವಾಲ ಎಂಬ ಅಭಿಮಾನಿಗೆ ಟೇಪುಗಳನ್ನು ಕೇಳಿ ತನಗೆ ಅನಿಸಿದ್ದನ್ನು ಗುರುತುಹಾಕಿಕೊಳ್ಳುವ ಅಭ್ಯಾಸವಿತ್ತು. ಕೊನೆಗೆ ಈತನೇ ಮೇಳದ ಧ್ವನಿಭಂಡಾರದ ಪಾಲಕನಾದನು. 1993ರಿಂದ ಈತನು ಆರಿಸಿದ ಕಚೇರಿಗಳು ಸರಣಿಯಾಗಿ ಹೊರಬಂದುವು. ಕೇಳುಗನ ಕಿವಿಯೇ ಪ್ರಮಾಣವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೆ ಪ್ರಮಾಣ ಯಾವಾಗಲೂ ನಿಷ್ಪಕ್ಷಪಾತವಾಗಿರುತ್ತದೆಯೇ? 1977ರ ಮೇ 8ರಂದು ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಚೇರಿಯನ್ನು ಅನೇಕರು ಸರ್ವಶ್ರೇಷ್ಠವೆನ್ನುತ್ತಾರೆ. 2011ನೆಯ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸೇರಿಸಿಕೊಂಡಿತು. ಅದನ್ನು ಮುದ್ರಿಸಿದವರು ಮೇಳದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್. ಮುದ್ರಣ ಅತ್ಯಂತ ಸ್ವಚ್ಛ. ಪ್ರತಿಗಳು ಮನೆಮನೆಯನ್ನೂ ಮುಟ್ಟಿದುವು. ಅದಕ್ಕೆ ಸಮನಾದ ರಾತ್ರಿಗಳು ಬೇರೆಯೂ ಉಂಟೆಂದು ವಾದಿಸುವವರಿಗೆ ಕೊರತೆಯಿಲ್ಲ. ಅವುಗಳ ಟೇಪು ಇಷ್ಟು ಸ್ಫುಟವಾಗಿರಲಿಲ್ಲ, ಇಷ್ಟು ಕೈಗಳಿಗೆ ಸಿಕ್ಕಲೂ ಇಲ್ಲ ಎಂಬುದು ಅವರ ವಾದ. ಉಳಿದದ್ದೇ ಉತ್ತಮವೆಂದು ನಂಬಿಬಿಡುವುದು ಚರಿತ್ರೆಯ ಹಳೆಯ ಚಾಳಿ. ಶಾಸನ ಹಾಕಿಸಿದ ಅರಸನ ಹೆಸರು ನಮಗೆ ಗೊತ್ತು. ಕೆರೆ ಕಟ್ಟಿಸಿ ಸುಮ್ಮನಾದವನ ಹೆಸರು ಗೊತ್ತಿಲ್ಲ.

ಕೇಳಿದವರ ಮಾತಿಗೆ ಬೆಲೆ ಬರುವುದು ಇಲ್ಲಿಯೇ. ಬಾರ್ಟನ್ ಹಾಲಿನಿಂದ ಹೊರಬಂದವರು, ಮೇ ತಿಂಗಳಾದರೂ ಅಂದು ಹಿಮ ಬೀಳುತ್ತಿತ್ತೆಂದು ನೆನೆಯುತ್ತಾರೆ. ಟೇಪಿನಲ್ಲಿ ಆ ಹಿಮವಿಲ್ಲ. ಒಳಗಿನ ಸೆಕೆಯಿಂದ ಹೊರಗಿನ ಚಳಿಗೆ, ಕಿವಿತುಂಬ ಸಂಗೀತವನ್ನು ಹೊತ್ತು ನಡೆದವರ ಬೆರಗೂ ಅದರಲ್ಲಿಲ್ಲ. ನೆನಪು ದಿನಾಂಕವನ್ನು ತಪ್ಪಬಹುದು, ಹಾಡಿನ ಸರದಿಯನ್ನು ಮರೆಯಬಹುದು. ಟೇಪು ಅದನ್ನು ತಿದ್ದುತ್ತದೆ. ಟೇಪಿಗೆ ಕಾಣದುದನ್ನು ನೆನಪು ತುಂಬಿಕೊಡುತ್ತದೆ. ಎರಡೂ ಸೇರಿದರೆ ಸಾಕ್ಷ್ಯ ಪೂರ್ಣ.

ಈ ಸಾಕ್ಷ್ಯದ ಒಡೆತನ ಯಾರದು ಎಂಬ ಜಗಳವೂ ನಡೆದುಹೋಯಿತು. 2005ರ ನವೆಂಬರಿನಲ್ಲಿ, ಇಂಟರ್‌ನೆಟ್ ಆರ್ಕೈವ್ ಎಂಬ ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತಿದ್ದ ಟೇಪುಗಳನ್ನು ಮೇಳದ ಕಡೆಯವರು ತೆಗೆಸಿಬಿಟ್ಟರು. ಅಭಿಮಾನಿಗಳು ಬಲವಾಗಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು: ಸಭಿಕರು ಮುದ್ರಿಸಿದ್ದು ಸಭಿಕರಿಗೆ ಮತ್ತೆ ದೊರೆಯಿತು; ವೇದಿಕೆಯ ಯಂತ್ರದಿಂದಲೇ ಮುದ್ರಿಸಿದ್ದನ್ನು ಕೇಳಬಹುದು, ಕೊಂಡೊಯ್ಯುವಂತಿಲ್ಲ. 2008ರಲ್ಲಿ ಮೇಳದವರು ತಮ್ಮ ಕಾಗದಪತ್ರಗಳನ್ನು ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ದಾನವಿತ್ತರು. ಅಭಿಮಾನಿಗಳು ಬರೆದ ಓಲೆಗಳೂ, ಚಿತ್ರ ಬಿಡಿಸಿ ಕಳುಹಿಸಿದ ಲಕೋಟೆಗಳೂ ಅವುಗಳಲ್ಲಿವೆ. ಟಿಕೇಟು ಕೇಳಲೆಂದು ಬರೆದ ಕಾಗದ ಇಂದು ವಿದ್ವಾಂಸರ ಮೇಜಿನ ಮೇಲೆ ಆಕರವಾಗಿ ಕುಳಿತಿದೆ. ಬರೆದವರು ಅದನ್ನು ನಿರೀಕ್ಷಿಸಿರಲಾರರು. ತಾವು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರದವರು ಅವರು. ಆ ಮೇಳದ ಚರಿತ್ರೆ ಇಷ್ಟು ವಿವರವಾಗಿ ಉಳಿದಿರುವುದು ಅವರಿಂದ.