ಸಾವಿರ ಅಕ್ಷರ, ಒಂದು ಲಾಂಗ್‌ಬುಕ್: ಕಾಂಜಿ ಕಲಿತವರ ಕಥೆ

ಭಾಗ 1

ಮೊದಲೇ ಹೇಳಿಬಿಡ್ತೀನಿ, ಈ ಸರಣಿ ಶುರುವಾಗಿದ್ದು ಒಂದು ಫೇಲ್‌ನಿಂದ. ಜುಲೈನಲ್ಲಿ ಜಪಾನೀ ಭಾಷೆಯ ಎನ್4 ಪರೀಕ್ಷೆ ಬರೆದೆ. ಆ ಹೊತ್ತಿಗೆ ನನಗೆ ಸುಮಾರು 700 ಕಾಂಜಿ "ಗೊತ್ತಿತ್ತು". ಆ ಹಂತಕ್ಕೆ ಅಷ್ಟು ಬೇಕಾಗೇ ಇಲ್ಲ. ಆದರೂ ಓದುವ ಭಾಗದಲ್ಲಿ ಮುಗ್ಗರಿಸಿದೆ. ಅಕ್ಷರದ ಅರ್ಥ ಗೊತ್ತು, ಪದ ಗೊತ್ತಿಲ್ಲ. ಮದುವೆ ಮನೇಲಿ ಎಲ್ಲರ ಮುಖವೂ ಗುರುತು, ಒಬ್ಬರ ಹೆಸರೂ ಬಾಯಿಗೆ ಬರ್ತಿಲ್ಲ ಅಂತಾರಲ್ಲ, ಹಾಗೆ ಕೂತಿದ್ದೆ.

ಹೊಸಬರಿಗೆ ಒಂದು ಮಾತು: ಕಾಂಜಿ ಅಂದ್ರೆ ಜಪಾನೀಯರು ಚೀನಾದಿಂದ ಪಡೆದುಕೊಂಡ ಅಕ್ಷರಗಳು. (ಗಂಜಿ ಅಲ್ಲ. ಅಜ್ಜಿಗೆ ಮೂರು ಸಲ ಹೇಳಿದ್ದೀನಿ.) ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಮಾಡಿರೋ ಪಟ್ಟಿಯಲ್ಲಿ 2,136 ಅಕ್ಷರ ಇವೆ. ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1,026 ಕಲೀತಾರೆ. ಒಂದನೇ ತರಗತಿಯಲ್ಲಿ ಬರೀ 80. ನಾವೋ, ಮೊಬೈಲ್ ಹಿಡ್ಕೊಂಡು ಒಂದೇ ವರ್ಷದಲ್ಲಿ ಎಲ್ಲಾ ಮುಗಿಸ್ತೀವಿ ಅಂತ ಹೊರಡ್ತೀವಿ.

ರಿಸಲ್ಟ್ ಬಂದ ಮೇಲೆ ಎಲ್ಲರೂ ಕೇಳೋ ಪ್ರಶ್ನೆ ನಾನೂ ಕೇಳ್ಕೊಂಡೆ: ಯಾವ ವಿಧಾನ ಬೆಸ್ಟ್? ಹುಡುಕ್ತಾ ಹುಡುಕ್ತಾ ಸಾವಿರದ ಐನೂರು ವರ್ಷ ಹಿಂದಕ್ಕೆ ಹೋಗ್ಬಿಟ್ಟೆ. ಅಲ್ಲಿ ಸಿಕ್ಕಿದ್ದು ಇನ್ನೊಂದು ಪ್ರಶ್ನೆ. ಈ ವಿಧಾನವನ್ನ ಯಾರು, ಯಾರಿಗೋಸ್ಕರ ಮಾಡಿದ್ರು?

ಭಾಗ 2

ಕೊರಿಯಾ ಕಡೆಯಿಂದ ವಾನಿ ಎಂಬ ವಿದ್ವಾಂಸ ಜಪಾನಿಗೆ ಎರಡು ಪುಸ್ತಕ ತಂದ ಅಂತ 712ರಲ್ಲಿ ಬರೆದ "ಕೊಜಿಕಿ" ಹೇಳುತ್ತೆ. ಒಂದು ಕನ್‌ಫ್ಯೂಷಿಯಸ್ ಮಾತುಗಳ ಸಂಗ್ರಹ, ಇನ್ನೊಂದು "ಸಾವಿರ ಅಕ್ಷರಗಳ ಪಠ್ಯ". ಇಲ್ಲೊಂದು ತಮಾಷೆ ಇದೆ. ಈ ಎರಡನೇ ಪುಸ್ತಕವನ್ನ ಚೀನಾದಲ್ಲಿ ಝೌ ಶಿಂಗ್‌ಸಿ ಬರೆದದ್ದು 6ನೇ ಶತಮಾನದ ಆರಂಭದಲ್ಲಿ. ಕಥೆಯ ಪ್ರಕಾರ ವಾನಿ ಬಂದದ್ದು ಅದಕ್ಕೂ ಮುಂಚೆ. ಅಂದ್ರೆ ಬರೆಯೋದಕ್ಕೆ ಮೊದಲೇ ಪುಸ್ತಕ ಡೆಲಿವರಿ ಆಗಿತ್ತು! ಹಾಗಾಗಿ ಇದನ್ನ ಕಥೆ ಅಂತಲೇ ಓದ್ಕೊಳ್ಳಿ.

ಆದರೆ ಪುಸ್ತಕ ನಿಜ, ಅದರ ಐಡಿಯಾನೂ ಚೆನ್ನಾಗಿದೆ. ಸಾಲಿಗೆ ನಾಲ್ಕು ಅಕ್ಷರ, ಒಟ್ಟು 250 ಸಾಲು, ಒಂದು ಅಕ್ಷರವೂ ಮತ್ತೆ ಬರಲ್ಲ. ಒಂದೇ ರಾತ್ರಿಯಲ್ಲಿ ಇದನ್ನು ಹೊಂದಿಸಿ ಬರೆದು ಝೌ ಶಿಂಗ್‌ಸಿಯ ತಲೆಗೂದಲು ಬೆಳ್ಳಗಾಯ್ತು ಅನ್ನೋ ಐತಿಹ್ಯ ಇದೆ. ಮಕ್ಕಳು ಹಾಡಿನ ಥರ ಬಾಯಿಪಾಠ ಮಾಡ್ತಿದ್ರು, ಜೊತೆಗೆ ಸಾವಿರ ಅಕ್ಷರ ಬಂದುಬಿಡ್ತಿತ್ತು.

ನಾರಾ ಸುತ್ತಮುತ್ತಲಿನ ಹಳೇ ಅರಮನೆಗಳ ಜಾಗದಲ್ಲಿ ಅಗೆದಾಗ ಬರೆದಿರೋ ಮರದ ಪಟ್ಟಿಗಳು ರಾಶಿ ರಾಶಿ ಸಿಕ್ಕಿವೆ. ಕೆಲವದರಲ್ಲಿ ಇದೇ ಪುಸ್ತಕದ ಅಕ್ಷರಗಳನ್ನ ಯಾರೋ ತಿದ್ದಿ ತಿದ್ದಿ ಅಭ್ಯಾಸ ಮಾಡಿದ್ದಾರೆ. ಪಟ್ಟಿ ತುಂಬಿದ್ರೆ ಚಾಕುವಿನಿಂದ ಕೆರೆದು ಮತ್ತೆ ಬರೆಯೋದು. ಆ ಕೆರೆದ ಹೊಟ್ಟೂ ಸಿಕ್ಕಿದೆ. ಸಾವಿರದ ಮುನ್ನೂರು ವರ್ಷ ಹಿಂದಿನ ರಫ್ ನೋಟ್‌ಬುಕ್ ಅಂದ್ಕೊಳ್ಳಿ.

ಎದೋ ಕಾಲದಲ್ಲಿ, ಅಂದ್ರೆ 1603ರಿಂದ 1868ರವರೆಗೆ, ಸಮುರಾಯ್ ಮನೆಯ ಮಕ್ಕಳಿಗೆ "ಸೊದೊಕು" ಅಂತ ಒಂದು ಕ್ರಮ ಇತ್ತು. ಗುರುಗಳು ಓದ್ತಾರೆ, ಮಗು ಜೋರಾಗಿ ಹಾಗೇ ಹೇಳುತ್ತೆ. ಅರ್ಥ ಆಮೇಲೆ. ನಮ್ಮಲ್ಲಿ ಮಗ್ಗಿ ಹೇಳಿಸೋ ಹಾಗೆ, ಹಳೇ ಪಾಠಶಾಲೆಗಳಲ್ಲಿ ಅಮರಕೋಶ ಹೇಳಿಸ್ತಿದ್ದ ಹಾಗೆ.

ನಾನೂ ಮೊದಲು ಹಾಗೇ ಶುರು ಮಾಡಿದ್ದು. ಲಾಂಗ್‌ಬುಕ್‌ನಲ್ಲಿ ಒಂದೊಂದು ಅಕ್ಷರ ಇಪ್ಪತ್ತು ಸಲ. ಹತ್ತನೇ ಸಲಕ್ಕೆ ಕೈ ಬರೀತಾ ಇರುತ್ತೆ, ತಲೆ ಐಪಿಎಲ್ ನೋಡ್ತಾ ಇರುತ್ತೆ. ಆ ಮಕ್ಕಳಿಗೂ ನನಗೂ ಇದ್ದ ವ್ಯತ್ಯಾಸ ತಡವಾಗಿ ಹೊಳೀತು. ಅವರಿಗೆ ಎದುರಿಗೆ ಗುರುಗಳಿದ್ರು, ಮುಂದೆ ಹತ್ತು ವರ್ಷ ಟೈಮ್ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಜಪಾನೀ ಮಾತು ಆಗಲೇ ಬಾಯಲ್ಲಿತ್ತು. ನನ್ನ ಹತ್ರ ಲಾಂಗ್‌ಬುಕ್ ಮಾತ್ರ ಇತ್ತು. ಇನ್ನೊಂದು ವಿಷಯ, ನಾನು ಬರೆದ ಪರೀಕ್ಷೆಯಲ್ಲಿ ಕೈಯಲ್ಲಿ ಅಕ್ಷರ ಬರೆಯೋದೇ ಇಲ್ಲ, ನಾಲ್ಕರಲ್ಲಿ ಒಂದನ್ನ ಆರಿಸೋದು ಅಷ್ಟೇ. ಎರಡು ಪುಸ್ತಕ ತುಂಬಿಸಿದ ಮೇಲೆ ಇದನ್ನ ಯೋಚನೆ ಮಾಡಿದೆ. ನಗಬೇಡಿ.

ಭಾಗ 3

ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗುತ್ತೆ.

ಅದೇ ಎದೋ ಕಾಲದಲ್ಲಿ ಸಾಮಾನ್ಯ ಜನರ ಮಕ್ಕಳು "ತೆರಾಕೊಯಾ" ಎಂಬ ಸಣ್ಣ ಶಾಲೆಗಳಿಗೆ ಹೋಗ್ತಿದ್ರು. ನಮ್ಮ ಕೂಲಿಮಠಗಳ ಥರ. ಕಾಗದ ದುಬಾರಿ. ಒಂದೇ ಪುಸ್ತಕದ ಮೇಲೆ ಬರೆದು, ಒಣಗಿಸಿ, ಅದರ ಮೇಲೇ ಮತ್ತೆ ಬರೆದು, ಕೊನೆಗೆ ಹಾಳೆ ಪೂರ್ತಿ ಕಪ್ಪಾಗ್ತಿತ್ತು.

ಅವರು ಏನು ಬರೀತಿದ್ರು ಅನ್ನೋದು ನೋಡಿ. 1694ರಲ್ಲಿ "ಶೋಬಾಯ್ ಓರಾಯ್" ಅಂತ ಒಂದು ಪುಸ್ತಕ ಬಂತು. ಶೋಬಾಯ್ ಅಂದ್ರೆ ವ್ಯಾಪಾರ. ಅಂಗಡಿಕಾರರ ಮಕ್ಕಳಿಗೆ ಬೇಕಾದ ಪದಗಳ ಪಠ್ಯ ಅದು. ಶುರುವಿನಲ್ಲೇ ವ್ಯಾಪಾರದಲ್ಲಿ ಬಳಸೋ ಬರಹಗಳು ಬರುತ್ತವೆ: ಕರಾರು ಪತ್ರ, ಆರ್ಡರ್, ರಸೀದಿ, ಅಡಮಾನ, ಲೆಕ್ಕದ ಪುಸ್ತಕ. ಆಮೇಲೆ ನಾಣ್ಯಗಳು, ಧಾನ್ಯ, ಬಟ್ಟೆ, ಔಷಧಿ ಹೀಗೆ ಸಾಮಾನುಗಳ ಹೆಸರು. ಕೊನೆಗೆ ವ್ಯಾಪಾರಿ ಮನೆಯ ಮಗು ಹೇಗಿರಬೇಕು ಅನ್ನೋ ಬುದ್ಧಿಮಾತು.

ಬಿಕಾಂ ಓದೋಳಿಗೆ ಇದನ್ನ ಓದಿ ಮೈ ಜುಂ ಅಂತು. ರಸೀದಿ, ಅಡಮಾನ, ಲೆಡ್ಜರ್! ಮುನ್ನೂರು ವರ್ಷದ ಹಿಂದೆ ಒಬ್ಬ ಎಂಟು ವರ್ಷದ ಹುಡುಗ ನನ್ನ ಫಸ್ಟ್ ಸೆಮ್ ಸಿಲಬಸ್‌ನ ಕುಂಚದಲ್ಲಿ ತಿದ್ದುತ್ತಾ ಇದ್ದ. ಅವನು ಅಷ್ಟೂ ಅಕ್ಷರಗಳ ಹಿಂದೆ ಬಿದ್ದಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಕಣ್ಣಿಗೆ ಬೀಳೋದನ್ನ ಕಲೀತಿದ್ದ. ಶಾಲೇಲಿ ಬರೆದ "ರಸೀದಿ" ಸಂಜೆ ಗಲ್ಲಾಪೆಟ್ಟಿಗೆ ಪಕ್ಕ ಮತ್ತೆ ಸಿಗ್ತಿತ್ತು.

ಇನ್ನೊಬ್ಬರು ಫುಕುಜಾವಾ ಯುಕಿಚಿ. 1984ರಿಂದ 2024ರವರೆಗೆ ಜಪಾನಿನ 10,000 ಯೆನ್ ನೋಟಿನ ಮೇಲೆ ಇವರದೇ ಮುಖ. 1873ರಲ್ಲಿ ಇವರು ಅಮೆರಿಕದ ಒಂದು ಬುಕ್‌ಕೀಪಿಂಗ್ ಪುಸ್ತಕವನ್ನ ಜಪಾನೀ ಭಾಷೆಗೆ ತಂದ್ರು. ಮೊದಲು ಸಿಂಗಲ್ ಎಂಟ್ರಿ, ಮುಂದಿನ ವರ್ಷ ಡಬಲ್ ಎಂಟ್ರಿ. ಅದೇ 1873ರಲ್ಲಿ ಮಕ್ಕಳಿಗೆ ಅಕ್ಷರ ಕಲಿಸೋ ಪುಸ್ತಕವನ್ನೂ ಬರೆದ್ರು. ಕಷ್ಟದ ಅಕ್ಷರ ಬಿಡ್ತಾ ಬಂದ್ರೆ ಎರಡು ಮೂರು ಸಾವಿರ ಸಾಕು ಅಂತ ಅದರಲ್ಲಿ ವಾದಿಸಿದ್ರು. ಡೆಬಿಟ್ ಕ್ರೆಡಿಟ್ ತಂದವರೇ ಕಾಂಜಿ ಕಡಿಮೆ ಮಾಡಿ ಅಂದದ್ದು ಕಾಕತಾಳೀಯ ಅಂತ ನನಗಂತೂ ಅನ್ನಿಸಲ್ಲ. ಬೇಕಾದ್ದು ಎಷ್ಟು, ಖರ್ಚು ಎಷ್ಟು ಅಂತ ನೋಡೋ ಕಣ್ಣೇ ಹಾಗೆ.

ಸರ್ಕಾರ ಆ ದಾರಿಗೆ ಗಟ್ಟಿಯಾಗಿ ಬಂದದ್ದು ಯುದ್ಧ ಮುಗಿದ ಮೇಲೆ. 1946ರಲ್ಲಿ 1,850 ಅಕ್ಷರಗಳ ಪಟ್ಟಿ, 1981ರಲ್ಲಿ 1,945, 2010ರಲ್ಲಿ ಈಗಿನ 2,136. ನಾವು ಮುಗಿಸ್ತೀವಿ ಅನ್ನೋ ಪಟ್ಟಿ ಇದೇ.

ಭಾಗ 4

ಈಗ ನನ್ನನ್ನ ಮೆರೆಸಿ, ಆಮೇಲೆ ಮುಳುಗಿಸಿದ ವಿಧಾನ: ಕಥೆ ಕಟ್ಟಿ ನೆನಪಿಟ್ಟುಕೊಳ್ಳೋದು.

ಅಕ್ಷರವನ್ನ ಚೂರು ಮಾಡಿ, ಚೂರುಗಳಿಂದ ಒಂದು ಚಿತ್ರ ಕಟ್ಟಬೇಕು. ಮನುಷ್ಯ ಮರಕ್ಕೆ ಒರಗಿದ್ರೆ "ವಿಶ್ರಾಂತಿ". ಗದ್ದೆ ಕೆಳಗೆ ಬಲ ಇಟ್ರೆ "ಗಂಡಸು". ಸೂರಿನ ಕೆಳಗೆ ಹೆಂಗಸು ಇದ್ರೆ "ನೆಮ್ಮದಿ". ಇದನ್ನ ಅಮ್ಮನಿಗೆ ತೋರಿಸಿದೆ. "ಯಾರಿಗೆ ನೆಮ್ಮದಿಯಂತೆ?" ಅಂದ್ರು. ಆ ಅಕ್ಷರ ಇನ್ನು ಸಾಯೋವರೆಗೂ ಮರೆಯಲ್ಲ.

ನೆನಪಿನ ತಂತ್ರ ಹೊಸದೇನಲ್ಲ. 1596ರಲ್ಲಿ ಮತ್ತೆಯೋ ರಿಚ್ಚಿ ಎಂಬ ಇಟಲಿಯ ಜೆಸ್ಯುಯಿಟ್ ಪಾದ್ರಿ ಚೀನಾದ ನಾನ್‌ಚಾಂಗ್‌ನಲ್ಲಿ ಇದರ ಬಗ್ಗೆ ಚೀನೀ ಭಾಷೆಯಲ್ಲೇ ಪುಸ್ತಕ ಬರೆದ. ಮನಸ್ಸಿನಲ್ಲೊಂದು ಕಟ್ಟಡ ಕಟ್ಟಿ, ಕೋಣೆಗೊಂದು ಚಿತ್ರ ಇಡೋ ಯುರೋಪಿನ ಪದ್ಧತಿ ಅದು. ಅಲ್ಲಿನ ಗವರ್ನರ್‌ನ ಮೂರು ಮಕ್ಕಳು ಸರ್ಕಾರಿ ಪರೀಕ್ಷೆಗೆ ಓದ್ತಿದ್ರು, ಅವರಿಗೆ ಅಂತ ಕೊಟ್ಟ. ದೊಡ್ಡ ಮಗ ಓದಿ ಹೇಳಿದ್ದರ ಸಾರಾಂಶ ಇಷ್ಟು: ನಿಯಮ ಎಲ್ಲಾ ಸರಿ, ಆದ್ರೆ ಇದನ್ನ ಬಳಸೋಕೇ ಒಳ್ಳೇ ನೆನಪಿನ ಶಕ್ತಿ ಬೇಕು! ಪರೀಕ್ಷೆಗೆ ಓದೋ ಹುಡುಗರು ಎಲ್ಲಾ ಕಾಲದಲ್ಲೂ ಒಂದೇ.

1977ರಲ್ಲಿ ಜೇಮ್ಸ್ ಹೈಸಿಗ್ ಎಂಬ ಅಮೆರಿಕನ್ ವಿದ್ವಾಂಸ ಕಾಂಜಿ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ್ರು. ಇವತ್ತು ಸ್ವಂತವಾಗಿ ಕಲಿಯೋರೆಲ್ಲ ಜಗಳ ಆಡೋದು ಈ ಪುಸ್ತಕದ ಮೇಲೇ. ಜಪಾನಿಗೆ ಹೊಸದಾಗಿ ಹೋದಾಗ ಸುಮಾರು ಒಂದು ತಿಂಗಳು ಕೂತು ಅಕ್ಷರಗಳನ್ನ ಕಲಿತೆ ಅಂತ ಅವರೇ ಹೇಳ್ತಾರೆ. ಒಂದೊಂದು ಅಕ್ಷರಕ್ಕೂ ಒಂದು ಇಂಗ್ಲಿಷ್ ಪದ, ಒಂದು ಕಥೆ. ಉಚ್ಚಾರಣೆ ಮೊದಲ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಯಾಕೆ ಇಲ್ಲ? ಅವರ ವಾದ ಹೀಗಿದೆ. ಚೀನಾದಿಂದ ಬಂದ ವಿದ್ಯಾರ್ಥಿಗೆ ಅಕ್ಷರದ ಆಕಾರ, ಅರ್ಥ ಎರಡೂ ಮೊದಲೇ ಗೊತ್ತು, ಜಪಾನೀ ಉಚ್ಚಾರಣೆ ಮಾತ್ರ ಹೊಸದು. ಹಾಗಾಗಿ ಬೇರೆಯವರೂ ಮೊದಲು ಆ ಜಾಗಕ್ಕೆ ಬಂದು ನಿಲ್ಲಬೇಕು. ಅಲ್ಲಿಂದ ಮುಂದೆ ನಿಜವಾದ ಓದು.

ನಾನು ಮೊದಲ ಅರ್ಧ ಮಾತ್ರ ಕೇಳಿಸ್ಕೊಂಡೆ. ಹೈಸಿಗ್ ಜಪಾನಿನಲ್ಲೇ ಇದ್ರು. ಹೊರಗೆ ಕಾಲಿಟ್ರೆ ಬೋರ್ಡು, ಬಸ್ಸು, ಪತ್ರಿಕೆ. ಖಾಲಿ ಬಿಟ್ಟ ಉಚ್ಚಾರಣೆಯನ್ನ ತುಂಬೋಕೆ ಇಡೀ ಊರೇ ಇತ್ತು. ನಾನು ಹೊರಗೆ ಕಾಲಿಟ್ರೆ ಬಿಎಂಟಿಸಿ ಬಸ್ಸು. 700 ಕಥೆ ಕಟ್ಟಿದೆ, ಅದೂ ಇಂಗ್ಲಿಷ್ ಪದಗಳಿಗೆ. ಕನ್ನಡದಲ್ಲಿ ಯೋಚನೆ ಮಾಡಿ, ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಜಪಾನಿಗೆ. ಎರಡು ಬಸ್ ಬದಲಾಯಿಸಿ ಪಕ್ಕದ ಬೀದಿಗೆ ಹೋದ ಹಾಗೆ.

ಭಾಗ 5

ಪಕ್ಕದ ಬೀದಿ ಅಂದದ್ದು ಸುಮ್ಮನೆ ಅಲ್ಲ.

ಜಪಾನೀ ಅಕ್ಷರಮಾಲೆಯ ಕ್ರಮ ಗಮನಿಸಿದ್ದೀರಾ? ಅ, ಇ, ಉ, ಎ, ಒ. ಆಮೇಲೆ ಕ ಸಾಲು, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ದೂರದ ತಂಗಿ ಅನ್ಸಲ್ವಾ? ಸಂಸ್ಕೃತ ಮಂತ್ರಗಳನ್ನ ಓದೋಕೆ ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿ ಕಲೀತಿದ್ರು. ಆ ಅಧ್ಯಯನದಿಂದಲೇ ಈ ಕ್ರಮ ಜಪಾನಿನಲ್ಲಿ ಬೆಳೆದದ್ದು.

ಇದಕ್ಕಿಂತ ಉಪಯೋಗದ ವಿಷಯ ಇನ್ನೊಂದಿದೆ. ಎಲ್ಲರೂ ಬೈಯೋದು ಒಂದು ಕಾಂಜಿಗೆ ಎರಡು ಮೂರು ಉಚ್ಚಾರಣೆ ಯಾಕೆ ಅಂತ. ಕನ್ನಡ ಗೊತ್ತಿದ್ರೆ ಇದು ಅಷ್ಟು ವಿಚಿತ್ರ ಅಲ್ಲ ಕಣ್ರೀ. ನಾವು ಲೋಟದಲ್ಲಿ ಕುಡಿಯೋದು "ನೀರು", ಆದ್ರೆ "ನೀರುಶಕ್ತಿ" ಅನ್ನಲ್ಲ, "ಜಲಶಕ್ತಿ" ಅಂತೀವಿ. ಜಪಾನಿನಲ್ಲೂ ಒಂಟಿಯಾಗಿ ಬಂದ್ರೆ "ಮಿಝು", ಸಮಾಸದಲ್ಲಿ "ಸುಇ". ಬೆಂಕಿ "ಹಿ", ಬೆಟ್ಟ "ಯಾಮಾ". ಆದ್ರೆ ಎರಡು ಅಕ್ಷರ ಜೊತೆಗೆ ಬಂದ್ರೆ "ಕಝಾನ್". ನಾವು ಬೆಂಕಿಬೆಟ್ಟ ಅನ್ನದೆ "ಅಗ್ನಿಪರ್ವತ" ಅಂತೀವಲ್ಲ, ಅದೇ ಲೆಕ್ಕ. ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನೀ ಹಾಗೆ. ಅವರು ಮನೆಮಾತಿನ ಪದಕ್ಕೂ ಹೊರಗಿನಿಂದ ಬಂದ ಪದಕ್ಕೂ ಒಂದೇ ಅಕ್ಷರ ಬಳಸಿದ್ರು, ಅಷ್ಟೇ ವ್ಯತ್ಯಾಸ. ಇಂಗ್ಲಿಷ್ ಪುಸ್ತಕ ಹಿಡಿದಿದ್ದಷ್ಟು ದಿನ ಇದು ನನಗೆ ಕಾಣಿಸಿರಲಿಲ್ಲ.

ಚೂರುಗಳ ವಿಷಯದಲ್ಲೂ ಒಂದು ಮಾತು. ಕ್ರಿ.ಶ. 100ರ ಹೊತ್ತಿಗೇ ಶು ಶೆನ್ ಎಂಬ ಚೀನೀ ವಿದ್ವಾಂಸ 9,353 ಅಕ್ಷರಗಳನ್ನ 540 ವಿಭಾಗ ಮಾಡಿ ನಿಘಂಟು ಬರೆದಿದ್ದ. ಬಹಳಷ್ಟು ಅಕ್ಷರಗಳಲ್ಲಿ ಒಂದು ಚೂರು ಅರ್ಥ ಹೇಳಿದ್ರೆ ಇನ್ನೊಂದು ಚೂರು ಉಚ್ಚಾರಣೆ ಹೇಳುತ್ತೆ. "ನೀಲಿ" ಅನ್ನೋ ಅಕ್ಷರ ತಗೊಳ್ಳಿ, ಅದರ ಚೀನೀ ಮೂಲದ ಉಚ್ಚಾರಣೆ "ಸೇ". ಪಕ್ಕಕ್ಕೆ ನೀರು ಸೇರಿಸಿದ್ರೆ ಶುದ್ಧ, ಸೂರ್ಯ ಸೇರಿಸಿದ್ರೆ ತಿಳಿಯಾದ ಆಕಾಶ, ಮಾತು ಸೇರಿಸಿದ್ರೆ ಬೇಡಿಕೆ. ಮೂರೂ "ಸೇ". ಬರೀ ಚಿತ್ರದ ಕಥೆ ಕಟ್ಟೋರು ಈ ಪುಕ್ಕಟೆ ಸುಳಿವನ್ನ ಕಸಕ್ಕೆ ಹಾಕ್ತಾರೆ. ನಾನೂ ಹಾಕಿದ್ದೆ.

ಭಾಗ 6

ಕಾರ್ಡ್ ಆ್ಯಪ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರ ಫೋನಲ್ಲೂ ಇದೆ. ಮರೆವನ್ನ ಮೊದಲು ಅಳೆದದ್ದು ಜರ್ಮನಿಯ ಎಬ್ಬಿಂಗ್‌ಹೌಸ್, 1885ರಲ್ಲಿ, ಅರ್ಥವಿಲ್ಲದ ಉಚ್ಚಾರಗಳನ್ನ ತಾನೇ ಉರು ಹೊಡೆದು. ಅಲ್ಲಿಂದ ಬೆಳೆದ ದಾರಿಯಲ್ಲಿ 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬುವರು "ಆಂಕಿ" ಮಾಡಿದ್ರು, ಅವರೂ ಜಪಾನೀ ಕಲೀತಿದ್ದವರೇ. ಆಂಕಿ ಅಂದ್ರೆ ಜಪಾನೀ ಭಾಷೆಯಲ್ಲಿ ಬಾಯಿಪಾಠ. ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದ್ವಿ ನೋಡಿ! ಈ ಥರದ ಆ್ಯಪ್ ಯಾವಾಗ ಮರೀತೀರಿ ಅಂತ ಲೆಕ್ಕ ಹಾಕುತ್ತೆ, ಏನು ಕಲೀಬೇಕು ಅಂತ ಹೇಳಲ್ಲ. ಸೆಮ್ ಎಕ್ಸಾಮ್ ಅಂತ ಹನ್ನೆರಡು ದಿನ ತೆಗೀಲಿಲ್ಲ. ವಾಪಸ್ ಬಂದಾಗ 1,140 ಕಾರ್ಡ್ ಬಾಕಿ. ಬಡ್ಡಿ ಸಮೇತ.

ಈಗ ನಾನು ಮಾಡ್ತಿರೋದು ಶೋಬಾಯ್ ಓರಾಯ್ ಹುಡುಗನ ದಾರಿ. ಅಕ್ಷರ ಅಲ್ಲ, ಪದ. ದಿನಕ್ಕೆ ಹತ್ತು. ಅರ್ಧ ಪರೀಕ್ಷೆಯ ಪದ, ಅರ್ಧ ನನ್ನ ಕಾಮರ್ಸ್ ಪದ. ಕಂಪನಿಗೆ "ಕಾಯ್‌ಶಾ", ಅದೇ ಎರಡು ಅಕ್ಷರ ತಿರುಗಿಸಿದ್ರೆ "ಶಾಕಾಯ್", ಅಂದ್ರೆ ಸಮಾಜ. ಬುಕ್‌ಕೀಪಿಂಗ್‌ಗೆ "ಬೋಕಿ". ಅರ್ಥ ಕನ್ನಡದಲ್ಲೇ ಬರ್ಕೋತೀನಿ. ಅಂಟದೇ ಇರೋ ಅಕ್ಷರಕ್ಕೆ ಮಾತ್ರ ಕಥೆ, ಅದೂ ಅಮ್ಮನ ಥರದ್ದು. ಲಾಂಗ್‌ಬುಕ್‌ನಲ್ಲಿ ಒಂದು ಸಲ ಬರೀತೀನಿ, ಇಪ್ಪತ್ತಲ್ಲ. ಕಾರ್ಡ್ ಬಸ್ಸಲ್ಲಿ, ಕಾಲೇಜು ಬರೋ ತನಕ. ಇದು ನಿಮಗೂ ಸರಿಹೋಗುತ್ತೆ ಅಂತ ಹೇಳಲ್ಲ. ಅನಿಮೆ ನೋಡೋಕೆ ಕಲಿಯೋರ ಪಟ್ಟಿ ಬೇರೆ, ನರ್ಸಿಂಗ್ ಕೆಲಸಕ್ಕೆ ಹೋಗೋರ ಪಟ್ಟಿ ಬೇರೆ.

ಮಾವ ಬಿಡದಿ ಹತ್ರ ಬಿಡಿಭಾಗಗಳ ಸ್ಟೋರ್‌ನಲ್ಲಿ ಕೆಲಸ ಮಾಡ್ತಾರೆ. ಕಳೆದ ವಾರ ಒಂದು ಖಾಲಿ ಫಾರಂ ಫೋಟೊ ಕಳಿಸಿ, "ಇದೇನು ಬರ್ದಿದೆ ಹೇಳು ನೋಡೋಣ ಪುಟ್ಟಿ" ಅಂದ್ರು. ತಲೆಯ ಮೇಲೆ ದೊಡ್ಡದಾಗಿ ಮೂರು ಅಕ್ಷರ. ಮೊದಲನೆಯದು ಮಾತು ಸೇರಿಸಿದ ನೀಲಿ. "ಸೇಕ್ಯೂಶೋ". ಇನ್‌ವಾಯ್ಸ್ ಮಾವ, ಅಂದೆ. ಕೆಳಗೆ ಮೊತ್ತ ಅಂತ ಇದ್ದದ್ದೂ ಓದಕ್ಕೆ ಬಂತು. ಬಲಗಡೆ ಮೂಲೆಯಲ್ಲಿದ್ದ ಪದ ಬರಲಿಲ್ಲ. ಅದು ಇವತ್ತಿನ ಹತ್ತರಲ್ಲಿ ಮೊದಲನೇದು. ಡಿಸೆಂಬರ್ ಮೊದಲ ಭಾನುವಾರ ಮತ್ತೆ ಎನ್4.