ಗಣಕಯಂತ್ರದ ಆರಂಭಕ್ರಮ: ‘ದೊರೆಯದ’ ಡ್ರೈವನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಆಕರಗಳ ರಕ್ಷಣೆಯು ಇತಿಹಾಸಕಾರನ ಮೊದಲ ಕರ್ತವ್ಯವೆಂಬುದು ಸರ್ವವಿದಿತವಾದ ಸಂಗತಿ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕ್ಷೇತ್ರಕಾರ್ಯ ಕೈಕೊಳ್ಳುವ ವಿದ್ಯಾರ್ಥಿಯು ಇಂದು ಶಾಸನಗಳ ಛಾಯಾಚಿತ್ರ, ಕೋಟೆಗಳ ಅಳತೆ, ಹಿರಿಯರ ಹೇಳಿಕೆಗಳ ಧ್ವನಿಮುದ್ರಣ ಇವೆಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಸಂಗ್ರಹಿಸುತ್ತಾನೆ. ಒಂದು ದಿನ ಆ ಯಂತ್ರವು ಕಪ್ಪು ತೆರೆಯ ಮೇಲೆ ‘ನೋ ಬೂಟಬಲ್ ಡಿವೈಸ್ ಫೌಂಡ್’ ಎಂದು ತೋರಿಸಿ ನಿಂತುಬಿಡುತ್ತದೆ. ಡ್ರೈವೇ ಹಾಳಾಯಿತೆಂದು ಬಗೆದು, ಅದನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಅಳವಡಿಸುವವರುಂಟು. ಯಂತ್ರವೇನೋ ನಡೆಯುತ್ತದೆ, ಆಕರಗಳು ಹೋಗುತ್ತವೆ. ಆದುದರಿಂದ ಆ ವಾಕ್ಯದ ನಿಜವಾದ ಅರ್ಥವನ್ನು ಅದರ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರವು ತನ್ನ ಆದೇಶಗಳನ್ನು ತನ್ನ ಸ್ಮೃತಿಯಿಂದ ಓದಿಕೊಳ್ಳುತ್ತದೆ. ವಿದ್ಯುತ್ತು ನಿಂತೊಡನೆ ಆ ಸ್ಮೃತಿಯು ಬರಿದಾಗುತ್ತದೆ. ಬರಿದಾದ ಸ್ಮೃತಿಗೆ ಮೊದಲನೆಯ ಆದೇಶವನ್ನು ಕೊಡುವವರು ಯಾರು? ಈ ಪ್ರಶ್ನೆಯು ಯಂತ್ರದಷ್ಟೇ ಹಳೆಯದು. ೧೯೪೯ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿದ ಎಡ್‌ಸ್ಯಾಕ್ ಯಂತ್ರಕ್ಕಾಗಿ ಡೇವಿಡ್ ವೀಲರ್ ಎಂಬ ತರುಣ ವಿದ್ವಾಂಸರು ೩೧ ‘ಪ್ರಾರಂಭಿಕ ಆದೇಶ’ಗಳನ್ನು ರಚಿಸಿದರು. ಸ್ವಿಚ್ಚುಗಳಲ್ಲಿ ಸ್ಥಿರವಾಗಿ ಜೋಡಿಸಲ್ಪಟ್ಟಿದ್ದ ಇವು ಕಾಗದದ ಪಟ್ಟಿಯ ಮೇಲಿದ್ದ ಉಳಿದ ಆದೇಶಗಳನ್ನು ಒಳಕ್ಕೆ ತಂದುಕೊಳ್ಳುತ್ತಿದ್ದವು. ತನ್ನ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದನ್ನು ಹೇಳುವ ಇಂಗ್ಲಿಷ್ ನುಡಿಗಟ್ಟಿನಿಂದ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿತು.

೧೯೮೧ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಆರಂಭದ ಆದೇಶಗಳು ‘ಬಯಾಸ್’ ಎಂಬ ಹೆಸರಿನಲ್ಲಿ ಒಂದು ಚಿಪ್ಪಿನೊಳಗೆ ನೆಲೆಗೊಂಡವು. ೧೯೮೩ರಲ್ಲಿ ಹಾರ್ಡ್ ಡಿಸ್ಕುಳ್ಳ ಮಾದರಿಯು ಬಂದಾಗ, ಡಿಸ್ಕಿನ ಮೊದಲ ೫೧೨ ಬೈಟುಗಳಲ್ಲಿ ವಿಭಾಗಗಳ ಪಟ್ಟಿಯನ್ನೂ ಮುಂದಿನ ಹೆಜ್ಜೆಯ ಆದೇಶವನ್ನೂ ಬರೆದಿಡುವ ಪದ್ಧತಿಯು ರೂಢಿಗೆ ಬಂದಿತು. ೨೦೦೫ರಲ್ಲಿ ಹಲವು ತಯಾರಕರು ಕೂಡಿ ಸ್ಥಾಪಿಸಿದ ವೇದಿಕೆಯ ಮೂಲಕ ಯುಇಎಫ್‌ಐ ಪದ್ಧತಿಯು ಹರಡಿತು. ಇದರಲ್ಲಿ ಆರಂಭದ ಕಡತಗಳು ಡ್ರೈವಿನ ಒಂದು ಸಣ್ಣ ವಿಭಾಗದಲ್ಲಿಯೂ, ಅವುಗಳ ವಿಳಾಸವು ಯಂತ್ರದ ಮುಖ್ಯ ಫಲಕದಲ್ಲಿಯೂ ಇರುತ್ತವೆ. ನಮ್ಮ ಛಾಯಾಚಿತ್ರಗಳಾದರೋ ಸಾಮಾನ್ಯವಾಗಿ ಬೇರೊಂದು ವಿಭಾಗದಲ್ಲಿರುತ್ತವೆ. ವಿಳಾಸ, ಆರಂಭದ ಕಡತ, ಆಕರ ಈ ಮೂರಕ್ಕೂ ಪ್ರತ್ಯೇಕ ನೆಲೆಗಳಿರುವುದರಿಂದ, ಮೊದಲಿನೆರಡು ಕೆಟ್ಟರೂ ಮೂರನೆಯದು ಸುರಕ್ಷಿತವಾಗಿ ಉಳಿದಿರುವ ಸಂಭವವು ಹೆಚ್ಚು.

ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯತಕ್ಕದ್ದು. ಮೊದಲು ಹೊರಗಿನ ಪೆನ್‌ಡ್ರೈವುಗಳನ್ನೆಲ್ಲ ತೆಗೆದು, ಯಂತ್ರವನ್ನು ಆರಂಭಿಸುವಾಗ ತಯಾರಕರು ಸೂಚಿಸಿದ ಕೀಲಿಯನ್ನು ಒತ್ತಿ (ಬಹುಶಃ ಎಫ್ ೨ ಅಥವಾ ಡಿಲೀಟ್) ಬಯಾಸ್ ಪುಟವನ್ನು ತೆರೆಯಬೇಕು. ಅಲ್ಲಿ ಡ್ರೈವಿನ ಹೆಸರು ಕಂಡರೆ, ಯಂತ್ರವು ಡ್ರೈವನ್ನು ಗುರುತಿಸುತ್ತಿದೆಯೆಂದು ತಿಳಿಯಬಹುದು. ಆಗ ಬೂಟ್ ಸರದಿಯು ಬದಲಾಗಿದೆಯೇ, ಹಳೆಯ ಪದ್ಧತಿಯಿಂದ ಯುಇಎಫ್‌ಐಗೆ ಅಥವಾ ಅದರಿಂದ ಹಳೆಯದಕ್ಕೆ ಪಲ್ಲಟವಾಗಿದೆಯೇ ಎಂಬುದನ್ನು ನೋಡಬೇಕು. ಹಳೆಯ ಯಂತ್ರಗಳಲ್ಲಿ ಮುಖ್ಯ ಫಲಕದ ಸಣ್ಣ ಬ್ಯಾಟರಿಯು ಸೋತರೆ ಗಡಿಯಾರದೊಡನೆ ಈ ಆಯ್ಕೆಗಳೂ ತಪ್ಪುವುದುಂಟು. ತಪ್ಪಾದ ದಿನಾಂಕವೇ ಅದರ ಕುರುಹು. ಹೆಸರು ಕಾಣದಿದ್ದರೆ, ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ಬಲ್ಲವರಿಂದ ಡ್ರೈವಿನ ಜೋಡಣೆಯನ್ನು ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು. ಆಗಲೂ ಕಾಣದಿದ್ದಲ್ಲಿ ಡ್ರೈವನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಬೇಕು. ಹಾರ್ಡ್ ಡಿಸ್ಕು ಟಕಟಕನೆ ಸದ್ದು ಮಾಡುತ್ತಿದ್ದರೆ ಪ್ರಯೋಗಗಳನ್ನು ನಿಲ್ಲಿಸಿ ದತ್ತಾಂಶವನ್ನು ಮರಳಿ ಪಡೆಯಬಲ್ಲ ತಜ್ಞರಿಗೆ ಒಪ್ಪಿಸುವುದು ಲೇಸು.

ಡ್ರೈವು ಕಂಡರೂ ಆರಂಭವಾಗದಿದ್ದರೆ ಆರಂಭದ ಕಡತಗಳನ್ನು ದುರಸ್ತಿಗೊಳಿಸುವ ಉಪಾಯಗಳಿವೆ. ಆದರೆ ಅದಕ್ಕೆ ಮೊದಲು, ಪೆನ್‌ಡ್ರೈವಿನಿಂದ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸದೆಯೇ ಚಾಲನೆಗೊಳಿಸಿ, ಆಕರಗಳ ಪ್ರತಿಯನ್ನು ಬೇರೊಂದು ಡ್ರೈವಿಗೆ ತೆಗೆದುಕೊಳ್ಳಬೇಕು. ಬಿಟ್‌ಲಾಕರ್ ಬೀಗವಿರುವ ಯಂತ್ರಗಳಲ್ಲಿ ಇದಕ್ಕೂ, ಬಯಾಸ್ ಆಯ್ಕೆಗಳನ್ನು ಬದಲಿಸಿದ ಮೇಲೂ ೪೮ ಅಂಕಿಗಳ ಕೀಲಿಯು ಬೇಕಾಗಬಹುದು. ಅದನ್ನು ಮುಂಚಿತವಾಗಿಯೇ ಹುಡುಕಿಟ್ಟುಕೊಳ್ಳಬೇಕು. ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆಯು ಬಂದರೆ ಒಪ್ಪಿಗೆ ಕೊಡಲಾಗದು. ಓದುವುದು ಮೊದಲು, ಬರೆಯುವುದು ಆಮೇಲೆ.

ಈ ವಿವೇಕವು ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು ಇಲ್ಲಿಯ ಬೃಹತ್ ಶಿಲಾಸಮಾಧಿಗಳನ್ನು ಕುರಿತು ೧೮೫೦ರ ದಶಕದಲ್ಲಿ ವಿವರಗಳನ್ನು ಪ್ರಕಟಿಸಿದನು. ಶತಮಾನಕ್ಕೂ ಮಿಕ್ಕ ಕಾಲದ ತರುವಾಯ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಇದೇ ಸೀಮೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಅನೇಕ ನೆಲೆಗಳನ್ನು ಬೆಳಕಿಗೆ ತಂದರು. ಅಷ್ಟು ಕಾಲವೂ ಅವು ನೆಲದಲ್ಲಿಯೇ ಇದ್ದವು. ದಾಖಲೆಯಲ್ಲಿ ಮಾತ್ರ ಇರಲಿಲ್ಲ. ಸೂಚಿಯಲ್ಲಿ ಕಾಣದುದನ್ನು ಇಲ್ಲವೆಂದು ನಿರ್ಣಯಿಸುವುದು ಶಾಸ್ತ್ರಸಮ್ಮತವಲ್ಲ. ಹಾಗೆಂದು ಡ್ರೈವುಗಳು ಶಾಶ್ವತವೆಂದೂ ನಂಬಲಾಗದು. ಆದುದರಿಂದ ಕ್ಷೇತ್ರದಿಂದ ಮರಳಿದ ದಿನವೇ ಸಂಗ್ರಹದ ಎರಡನೆಯ ಪ್ರತಿಯನ್ನು ವಿಭಾಗದಲ್ಲಿ ಬೇರೊಂದು ಡ್ರೈವಿನಲ್ಲಿ ಇರಿಸುವ ನಿಯಮವನ್ನು ನಮ್ಮ ಕಾಲೇಜುಗಳು ಕೈಗೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.